ನೂರೆಂಟು ತುಣುಕಿನ ಹೊಲ

ಬೆಳಗಿನ ಜಾವ ಮನಸ್ಸು ಇನ್ನೂ ಯಾರ ಮಾತಿಗೂ ಸಿಕ್ಕಿರುವುದಿಲ್ಲ. ಆ ಹೊತ್ತಿನಲ್ಲಿ ಜಪ ಮಾಡುವವರಿದ್ದಾರೆ, ವಚನ ಓದುವವರಿದ್ದಾರೆ. ನಾನು ಕಂಪ್ಯೂಟರ್ ಹಚ್ಚಿ, ನಮ್ಮ ಮನೆಯದೇ ಒಂದು ಫೋಟೊವನ್ನು ಜಿಗ್‌ಸಾ ಪಜಲ್ ಮಾಡಿ, ಅದನ್ನು ಜೋಡಿಸುತ್ತ ಕೂಡುತ್ತೇನೆ. ಫೋಟೊ ತೆಗೆಯುವುದು ಈಗ ಎಷ್ಟು ಸಲೀಸಾಗಿದೆಯೆಂದರೆ ಅದನ್ನು ನೋಡುವುದೇ ಬಿಟ್ಟುಹೋಗಿದೆ. ಫೋನಿನಲ್ಲಿ ಸಾವಿರಗಟ್ಟಲೆ ಚಿತ್ರ ತುಂಬಿರುತ್ತವೆ, ಬೆರಳು ಸರಿಸುತ್ತ ಹೋಗುತ್ತೇವೆ. ತುಂಡಾದ ಚಿತ್ರವನ್ನು ಹಾಗೆ ದಾಟಿಹೋಗಲು ಬರುವುದಿಲ್ಲ. ಒಂದೊಂದು ತುಣುಕಿಗೂ ಅದರ ಜಾಗ ಹುಡುಕಿಕೊಡಬೇಕು. ಹುಡುಕಬೇಕೆಂದರೆ ಕಣ್ಣಿಟ್ಟು ನೋಡಲೇಬೇಕು.

ನಾನು ಆರಿಸಿಕೊಂಡದ್ದು ಎಳ್ಳಮಾಸಿಯ ಒಂದು ಚಿತ್ರ. ನಮ್ಮೂರು ಸಂಖ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಾದರೂ ಹಬ್ಬ ಹರಿದಿನವೆಲ್ಲ ವಿಜಯಪುರದ ಕಡೆಯವೇ. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ನಿಂತ ಬಿಳಿಜೋಳದ ನಡುವೆ ನೈವೇದ್ಯದ ಚರಗ ಚೆಲ್ಲಿ ಬಂದ ಮೇಲೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಚಿತ್ರದಲ್ಲಿ ಇವೆಲ್ಲ ಕೆಳಗಿನ ಅರ್ಧದಲ್ಲಿವೆ. ಮೇಲಿನ ಅರ್ಧ ಬರೀ ಆಕಾಶ.

ಕೆಲಸ ಕಷ್ಟದ್ದಲ್ಲ. ಪಜಲ್ ಮಾಡಿಕೊಡುವ ತಂತ್ರಾಂಶಗಳು ಬೇಕಾದಷ್ಟಿವೆ. ಲಿನಕ್ಸ್ ಬಳಸುವವರಿಗೆ ಕೆಡಿಇ ಬಳಗದ ಪಾಲಪೇಲಿ ಪುಕ್ಕಟೆ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಹಿಂಡಿ ಸಣ್ಣದಾಗಿರುತ್ತದೆ, ಅದು ಬೇಡ. ಫೋನಿನಿಂದ ಮೂಲ ಚಿತ್ರವನ್ನೇ ಇಳಿಸಿಕೊಳ್ಳಬೇಕು. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೊವನ್ನು ಅಡ್ಡ 12, ಉದ್ದ 9 ಎಂದು ಕೊಯ್ದರೆ 108 ತುಣುಕು. ಜಪಮಾಲೆಯ ಲೆಕ್ಕವೇ ಬಂತೆಂದು ಅವ್ವನಿಗೆ ಸಂತೋಷವಾಯಿತು. ಅದರಲ್ಲಿ ಹೊರಅಂಚಿನವು 38, ಒಳಗಿನವು 70. ತುಣುಕು ತುಣುಕಿನ ನಡುವಿನ ಒಳಗೆರೆಗಳು 195. ಈ ಗೆರೆಗಳ ವಿಷಯ ನನಗೆ ಬಹಳ ಹಿಡಿಸಿದ್ದು. ಒಂದು ತುಣುಕಿನ ಉಬ್ಬೇ ಪಕ್ಕದ ತುಣುಕಿನ ತಗ್ಗು. ಗೆರೆ ಎಳೆಯುವುದು ಒಂದೇ ಸಲ, ಅದು ಇಬ್ಬರಿಗೂ ಸೇರಿದ್ದು.

ಕಂಪ್ಯೂಟರಿಗೆ ನೂರೆಂಟೂ ಸಮ. ಯಾವ ಸಾಲು, ಎಷ್ಟನೆಯದು ಎಂಬುದಷ್ಟೇ ಅದಕ್ಕೆ ಗೊತ್ತು. ನಮಗೆ ಹಾಗಲ್ಲ. ಸುಣ್ಣದ ಕಲ್ಲು, ಇಳಕಲ್ ಸೀರೆಯ ಸೆರಗು, ಬುತ್ತಿಯ ಗಂಟು ಇವೆಲ್ಲ ನೋಡನೋಡುತ್ತಲೇ ಕೂಡಿಬಿಡುತ್ತವೆ. ಉಳಿಯುವುದು ಆಕಾಶ, ಜೋಳ ಮತ್ತು ಎರೆಮಣ್ಣು. ನಿಜವಾದ ಬೆಳಗು ಶುರುವಾಗುವುದು ಅಲ್ಲಿಂದ.

ಆಕಾಶದ ತುಣುಕುಗಳೆಲ್ಲ ಒಂದೇ ನೀಲಿ ಎಂದುಕೊಂಡು ಕೂತರೆ ಒಂದೂ ಕೂಡುವುದಿಲ್ಲ. ಸುಮ್ಮನೆ ದಿಟ್ಟಿಸುತ್ತ ಇದ್ದರೆ ಮೆಲ್ಲಗೆ ತಿಳಿಯುತ್ತದೆ: ಜೋಳದ ತಲೆಗೆ ತಾಗಿದ ಕಡೆ ಬಾನು ಹಾಲಿಗೆ ನೀಲಿ ಬೆರೆಸಿದಷ್ಟು ತೆಳು, ಮೇಲೆ ಹೋದಂತೆ ಗಾಢ, ಬಿಸಿಲು ಬರುವ ಮಗ್ಗಲಿನಲ್ಲಿ ಸ್ವಲ್ಪ ಹಳದಿಯ ಛಾಯೆ. ಮಣ್ಣೂ ಹಾಗೇ. ಕಪ್ಪು ಭೂಮಿ ಎಂದು ಬಾಯಿತುಂಬ ಅನ್ನುತ್ತೇವಲ್ಲ, ತುಣುಕಿನಲ್ಲಿ ನೋಡಿದರೆ ನೆರಳಿನಲ್ಲಿ ಕಂದು, ಒಣಗಿದ ಹೆಂಟೆಯ ಮೇಲೆ ಬೂದಿ ಬಣ್ಣ, ಬಿರುಕಿನೊಳಗೆ ಮಾತ್ರ ಕಪ್ಪು. ಮಳೆ ಕಡಿಮೆ ಬೀಳುವ ನಮ್ಮ ಸೀಮೆಯಲ್ಲಿ ರೈತರು ದಿನಾ ಬೆಳಿಗ್ಗೆ ಎದ್ದು ನೋಡುವುದು ಇವೆರಡನ್ನೇ, ಮೋಡ ಇದೆಯೇ, ಹಸಿ ಇದೆಯೇ ಎಂದು. ನನ್ನ ಅಪ್ಪ ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿ ಹಸಿಯ ಆಳ ಹೇಳುತ್ತಿದ್ದರು. ಅವರಿಗಿದ್ದ ಆ ಕಣ್ಣು ನನಗೆ ಬಂದಿಲ್ಲ. ಆದರೆ ಒಂದು ತುಣುಕು ಮಣ್ಣನ್ನು ಅಷ್ಟು ಹೊತ್ತು ನೋಡಿದ ಮೇಲೆ ಹೊಲಕ್ಕೆ ಹೋದಾಗ ಕಾಲು ತಾನಾಗಿ ನಿಧಾನವಾಗುತ್ತದೆ.

ಈ ಆಟ ಹುಟ್ಟಿದ್ದು ಪಾಠಕ್ಕಾಗಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ಕೆತ್ತುವವನು ಯುರೋಪಿನ ಭೂಪಟವನ್ನು ಹಲಗೆಗೆ ಅಂಟಿಸಿ, ರಾಜ್ಯ ರಾಜ್ಯದ ಗಡಿಗುಂಟ ಕತ್ತರಿಸಿ ಮಕ್ಕಳ ಕೈಗೆ ಕೊಟ್ಟ. ಇಂದಿನಂತೆ ಒಂದನ್ನೊಂದು ಹಿಡಿದುಕೊಳ್ಳುವ ಉಬ್ಬು ತಗ್ಗು ಆಗ ಹೆಚ್ಚಾಗಿ ಇರಲಿಲ್ಲ. ಯಾವ ದೇಶದ ಪಕ್ಕ ಯಾವ ದೇಶ ಎಂದು ಗೊತ್ತಿದ್ದವರಿಗೆ ಕೂಡಿಸುವುದು ಸುಲಭವಾಗುತ್ತಿತ್ತು.

ನಮ್ಮ ತಾಲೂಕಿನ ಕೂಸುಗಳು ಅಂಥ ಹಲಗೆ ಜೋಡಿಸಲು ಕೂತರೆ ಏನು ಮಾಡಿಯಾವು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಗಡಿ ವಿವಾದ ಕುರಿತ 1967ರ ಮಹಾಜನ ವರದಿಯಲ್ಲೂ ಜತ್ತದ ಹೆಸರು ಬಂತು. ಇಷ್ಟು ಸಲ ನಕಾಶೆ ತಿರುವಿ ಹಾಕಿದರೂ ಛಟ್ಟಿ ಅಮಾವಾಸ್ಯೆ ಬಂತೆಂದರೆ ಕರ್ನಾಟಕದ ಜನ ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮ ದೇವಿಯ ಕಡೆ ನಡೆದು ಬರುತ್ತಲೇ ಇದ್ದಾರೆ. ನಾವು ಕಚೇರಿಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಮಾತಾಡುತ್ತ ಬಂದಿದ್ದೇವೆ. ಗಡಿಯನ್ನು ಒಂದು ಕಡೆಯ ಅಂಚು ಎಂದಷ್ಟೇ ನೋಡಿದವರಿಗೆ ಈ ಬದುಕು ಅರೆಬರೆಯಾಗಿ ಕಾಣುತ್ತದೆ. ನನಗೆ ಎಂದೂ ಹಾಗೆ ಕಂಡಿಲ್ಲ.

ಎಳ್ಳಮಾಸಿಯ ಪಜಲನ್ನು ಪುಣೆಯಲ್ಲಿರುವ ತಂಗಿಯ ಮಗಳಿಗೂ ಕಳಿಸಿದೆ. ಅವಳು ಮರಾಠಿ ಶಾಲೆಯ ಹುಡುಗಿ. ಕನ್ನಡ ಬರುವುದು ಫೋನಿನಲ್ಲಿ ನಮ್ಮೊಡನೆ ಆಡುವಷ್ಟು. ಫೋಟೊ ಮೊದಲೇ ನೋಡಿದ್ದಳು, ಏನೂ ಕೇಳಿರಲಿಲ್ಲ. ಪಜಲ್ ಅರ್ಧ ಆಗುವಷ್ಟರಲ್ಲಿ ಫೋನ್ ಬಂತು. "ಮಾಮಾ, ಈ ಕೈ ಯಾರದು?"

ಜೋಳದ ಗರಿಗಳ ನಡುವೆ ಒಂದು ಮುಟಗಿ ಇತ್ತು. ಹಸಿರು ಬಳೆ, ಮೊಣಕೈವರೆಗೆ ಮಾತ್ರ. ಮುಖವೆಲ್ಲ ಬೆಳೆಯ ಮರೆಗೆ. ಫೋಟೊ ತೆಗೆದ ನನಗೇ ಅದು ಗೊತ್ತಿರಲಿಲ್ಲ. ಅವ್ವ ಕಂಪ್ಯೂಟರ್ ಹತ್ತಿರ ಬಂದು ಬಗ್ಗಿ ನೋಡಿದಳು. "ನಿಮ್ಮ ಮಾಮಾನ ಸ್ವಾದರತ್ತಿ ಕೈ ಅದು. ಹಕ್ಕಿಗಿ ಇರ್ಲಿ ಅಂತ ಒಡ್ಡಿನ ಮ್ಯಾಲೂ ಚರಗ ಚೆಲ್ಲಾಕಿ ಆಕಿ ಒಬ್ಬಾಕಿನ." ಆಮೇಲೆ ಫೋನು ಅವ್ವನ ಕೈಗೇ ಹೋಯಿತು. ಮುಟಗಿಯಲ್ಲಿ ಏನಿದೆ, ಯಾಕೆ ಚೆಲ್ಲುತ್ತಾರೆ, ಅತ್ತಿ ಈಗ ಎಲ್ಲಿದ್ದಾಳೆ ಎಂದು ಆ ಹುಡುಗಿ ಕೇಳುತ್ತಲೇ ಹೋದಳು.

ಈಗ ಗುಡ್ಡಾಪುರದ ಜಾತ್ರೆಯ ಚಿತ್ರ ಸಿದ್ಧಮಾಡುತ್ತಿದ್ದೇನೆ. ಅವ್ವನದು ಒಂದೇ ಕರಾರು: ಮಂದಿ ಮಕದ ಮ್ಯಾಲ ಗೆರಿ ಹಾಯಬಾರದು. ಗೆರೆ ತನ್ನ ಲೆಕ್ಕದಲ್ಲೇ ಬೀಳುತ್ತದೆ. ನನ್ನ ಕೈಲಿರುವುದು ಚಿತ್ರವನ್ನು ಎಡಕ್ಕೋ ಬಲಕ್ಕೋ ಒಂಚೂರು ಕಡಿದು, ಮುಖಗಳನ್ನು ತುಣುಕಿನ ನಡುವಿಗೆ ತರುವುದಷ್ಟೆ. ಮುಂದಿನ ಸಾಲಿನ ಇಬ್ಬರನ್ನು ಸರಿಪಡಿಸಿದರೆ ಹಿಂದಿನ ಸಾಲಿನ ಒಬ್ಬಳ ಹಣೆಯ ಮೇಲೆ ಗೆರೆ ಬರುತ್ತದೆ. ಇವತ್ತು ಬೆಳಿಗ್ಗೆಯೂ ಅದೇ ನಡೆದಿದೆ.