ದೀಪಕ್ಕೊಂದು ಹೆಸರು

ದಸರಾ ರಜೆಗೆ ಬಂದಿದ್ದ ಮಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಹುಳಿಗೆ ಒಗ್ಗರಣೆ ಹಾಕಿ ಬಂದವಳು ಇಣುಕಿ ನೋಡಿದೆ. ‘ಇನ್‌ಪುಟ್3’, ಆಮೇಲೆ ಒಂದರ ಪಕ್ಕ ಒಂದು ಎರಡು ಕೋಲನ್, ಆಮೇಲೆ ‘ಕ್ಯಾಪ್ಸ್‌ಲಾಕ್’ ಎಂದಿತ್ತು.

“ಏನೋ ಇದು?”

“ದೊಡ್ಡಕ್ಷರದ ಗುಂಡಿ ಒತ್ತಿದಾಗ ಕೀಬೋರ್ಡಿನಲ್ಲಿ ಹತ್ತಿಕೊಳ್ಳುತ್ತಲ್ಲಮ್ಮ, ಆ ಪುಟ್ಟ ದೀಪದ ಹೆಸರು.”

ಅಷ್ಟು ಚಿಕ್ಕ ದೀಪಕ್ಕೂ ಹೆಸರೇ! ಅವನು ವಿವರಿಸಿದ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇಂಥ ದೀಪಗಳಿಗೆ ಹೆಸರಿಡಲು ಒಂದು ಪದ್ಧತಿಯಿದೆ. ಮೊದಲು ಸಾಧನ, ಆಮೇಲೆ ಬಣ್ಣ, ಕೊನೆಗೆ ಕೆಲಸ, ನಡುನಡುವೆ ಕೋಲನ್. ಬಣ್ಣಕ್ಕೂ ಕೆಲಸಕ್ಕೂ ಗೊತ್ತುಮಾಡಿದ ಪಟ್ಟಿಗಳಿವೆ. ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೆ ಪ್ರೋಗ್ರಾಮು ದೀಪವನ್ನು ಹುಡುಕುವುದಾದರೂ ಹೇಗೆ? ಯಾವುದಾದರೂ ಭಾಗ ಅನ್ವಯಿಸದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತಾರೆ. ಕೋಲನ್ ಮಾತ್ರ ಉಳಿಯುತ್ತದೆ.

ನನಗೆ ನಗು ಬಂತು. ನಾವು ಹೆಣ್ಣುಮಕ್ಕಳನ್ನು ಗುರುತಿಸುವುದೂ ಇದೇ ಕ್ರಮದಲ್ಲಲ್ಲವೇ? ಯಾರ ಮನೆಯವಳು, ಬಣ್ಣ ಹೇಗೆ, ಏನು ಕೆಲಸ! ನಗು ಮುಗಿಯುವಷ್ಟರಲ್ಲಿ ನಮ್ಮ ಶಾಲೆಯ ಆಯಾ ನೆನಪಾದರು.

ಹದಿನೇಳು ವರ್ಷ ಅವರು ನಮ್ಮಲ್ಲಿ ಗಂಟೆ ಹೊಡೆದರು, ಬಿದ್ದ ಮಕ್ಕಳ ಮಂಡಿ ತೊಳೆದರು. ನಿವೃತ್ತಿಯ ದಿನ ಬಿನ್ನವತ್ತಳೆ ಬರೆಯಲು ಪೆನ್ನು ಹಿಡಿದವಳು ನಾನು. ‘ಶ್ರೀಮತಿ’ ಎಂದು ಬರೆದು ಕೈ ನಿಂತಿತು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಅವರನ್ನೇ ಕೇಳಿದೆ. ಹೇಳಿದರು. “ಆ ಹೆಸರಲ್ಲಿ ಕರೀತಿದ್ದೋಳು ನಮ್ಮವ್ವ ಒಬ್ಬಳೇ ಟೀಚರ್, ಅವಳು ಹೋದಮೇಲೆ ಯಾರೂ ಕರೆದಿಲ್ಲ” ಎಂದು ನಕ್ಕರು. ಆ ನಗುವಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೆಲಸದಿಂದ ಕರೆಯುವುದು ತಪ್ಪೇ? ನನ್ನನ್ನು ಊರೆಲ್ಲ ‘ಟೀಚರ್’ ಎನ್ನುತ್ತದೆ, ನನಗದು ಹಿತ. ಆದರೆ ನನ್ನ ಹೆಸರು ಅವರಿಗೆ ಗೊತ್ತು. ಗೌರವಕ್ಕಾಗಿ ಅದನ್ನು ಪಕ್ಕಕ್ಕಿಟ್ಟಿದ್ದಾರೆ. ಆಯಾ ಅವರ ಹೆಸರನ್ನು ನಾನು ಪಕ್ಕಕ್ಕಿಟ್ಟಿರಲಿಲ್ಲ. ಅಂಥದೊಂದು ಇದೆಯೆಂದೇ ಎಣಿಸಿರಲಿಲ್ಲ.

ಮಗ ಇನ್ನೊಂದು ಮಾತು ಹೇಳಿದ. ದೀಪದ ಹೆಸರು ‘ಕ್ಯಾಪ್ಸ್‌ಲಾಕ್’ ಎಂದೇ ಇದ್ದರೂ ಅದನ್ನು ಎದೆಬಡಿತದ ಹಾಗೆ ಮಿನುಗಿಸಬಹುದಂತೆ. ಯಂತ್ರಕ್ಕೆ ಕೆಲಸ ಹೆಚ್ಚಿದಂತೆ ಬಡಿತವೂ ಚುರುಕಾಗುತ್ತದೆ. ಅಂದರೆ ಕೆಲಸದ ಹೆಸರು ದೀಪದ ಪೂರ್ತಿ ಕಥೆಯನ್ನೂ ಹೇಳುವುದಿಲ್ಲ. ಇನ್ನು ಮನುಷ್ಯರದು?

ನನಗೆ ಹಿಡಿಸಿದ್ದು ಆ ಖಾಲಿ ಜಾಗ. ಅಲ್ಲಿ ಏನೋ ಬರಬಹುದಾಗಿತ್ತು ಎಂದು ಎರಡು ಕೋಲನ್ ಕಾವಲು ನಿಂತಿರುತ್ತವೆ. ಒಬ್ಬರ ಬಗ್ಗೆ ಎಲ್ಲವನ್ನೂ ತಿಳಿಯಲು ನಮ್ಮಿಂದಾಗದು, ತಿಳಿಯಲೇಬೇಕೆಂದೂ ಇಲ್ಲ. ತಿಳಿಯದ ಜಾಗವನ್ನು ಜಾತಿಯಿಂದಲೋ ಊಹೆಯಿಂದಲೋ ತುಂಬದೆ ಹಾಗೇ ಉಳಿಸಿಕೊಳ್ಳಬಹುದು. ಹದಿನೇಳು ವರ್ಷ ನಾನು ಕೋಲನ್ನನ್ನೇ ಅಳಿಸಿಬಿಟ್ಟಿದ್ದೆ.

ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಅಚ್ಚಿಗೆ ಕೊಡಲೇ ಎಂದು ಅವರನ್ನು ಕೇಳಿಲ್ಲ.

ಜೂನ್‌ನಲ್ಲಿ ಹೊಸಬರು ಬಂದರು. ಮೊದಲ ದಿನವೇ ಹೆಸರು ಕೇಳಿದೆ. ಹೇಳಿ, “ಆಯಾ ಅಂತಲೇ ಕರೀರಿ ಟೀಚರ್, ಅಭ್ಯಾಸ” ಎಂದರು. ಹಾಗೇ ಕರೆಯುತ್ತೇನೆ. ಹೆಸರನ್ನು ಮಾತ್ರ ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.