ವೇಷವೂ ಸುಳ್ಳೂ

ನಾಟಕ ಆಡುವುದೆಂದರೆ ಸುಳ್ಳು ಹೇಳುವುದಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ಪ್ಲೇಟೊ ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಎಳೆಯ ವಯಸ್ಸಿನಿಂದ ಕಂಡವರ ಅನುಕರಣೆ ಮಾಡುತ್ತ ಹೋದರೆ ಅದೇ ಸ್ವಭಾವವಾಗಿಬಿಡುತ್ತದೆ ಎಂಬ ಭಯ ಅವನಿಗೆ. ನಮ್ಮ ವಿದ್ಯಾರಣ್ಯಪುರದಲ್ಲಿ ಪ್ಲೇಟೊನ ಹೆಸರು ಕೇಳದ ತಂದೆತಾಯಿಗಳಿಗೂ ಈ ಭಯ ಇದೆ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಇಂಗ್ಲಿಷಿನ ಜೊತೆಗೆ ನಾಟಕವನ್ನೂ ಕಲಿಸುವ ಶಾಲೆಗಳು ಈ ಕಡೆ ಬಂದಮೇಲೆ, "ಇಂಗ್ಲಿಷ್ ಸರಿ, ಈ ಕುಣಿತ ಯಾಕ್ರೀ?" ಎನ್ನುವವರು ಬಸ್ ನಿಲ್ದಾಣದಲ್ಲೂ ಸಿಗುತ್ತಾರೆ, ದುರ್ಗಾಪರಮೇಶ್ವರಿ ದೇವಸ್ಥಾನದ ಮುಂದೆಯೂ ಸಿಗುತ್ತಾರೆ. 'ಇಂಗ್ಲಿಷ್ ಸರಿ' ಎಂಬ ಭಾಗವನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ನನ್ನ ಅನುಮಾನ ಇರುವುದು ಅಲ್ಲಿಯೇ.

ನಿವೃತ್ತನಾದ ಮೇಲೆ ಸಂಜೆ ಹೊತ್ತು ಅಕ್ಕಪಕ್ಕದ ಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲೊಬ್ಬ ಹುಡುಗ 'ನನ್ನ ತಂದೆ' ಎಂಬ ಪ್ರಬಂಧ ಬರೆದು ತಂದಿದ್ದ. ಅದರಲ್ಲಿ ಅವನ ತಂದೆ ಡಾಕ್ಟರು. ಬಡವರಿಗೆ ಉಚಿತವಾಗಿ ಔಷಧಿ ಕೊಡುತ್ತಾರೆ. ಬೆಳಗ್ಗೆ ಐದಕ್ಕೆ ಏಳುತ್ತಾರೆ. ಆತ ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರು, ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವರು ಎಂಬುದು ಇಡೀ ಬೀದಿಗೆ ಗೊತ್ತು. "ಇದೇನೋ?" ಎಂದೆ. "ಗೈಡಲ್ಲಿ ಹಂಗೇ ಇದೆ ತಾತ. ಅದನ್ನೇ ಬರೆದ್ರೆ ಮಾರ್ಕ್ಸ್ ಕೊಡ್ತಾರೆ" ಎಂದ. ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. ಇರಬೇಕಾದದ್ದೂ ಇಲ್ಲವೆನ್ನಿ, ಅದು ಅವನು ಹೇಳಿದ ಸುಳ್ಳಲ್ಲ, ಅವನಿಗೆ ಕಲಿಸಿದ್ದು.

ಅದೇ ಹುಡುಗ ಮುಂದಿನ ವರ್ಷ ತರಗತಿಯ ನಾಟಕದಲ್ಲಿ ಶೈಲಾಕನಾದ. ಶೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ'ದ ನ್ಯಾಯಾಲಯದ ದೃಶ್ಯ. ಹದಿನೈದು ದಿನ ನಮ್ಮ ಪಡಸಾಲೆಯಲ್ಲಿ ಅಭ್ಯಾಸ ನಡೆಯಿತು. ಪೋರ್ಷಿಯಾ ಗಂಡುವೇಷದಲ್ಲಿ ವಕೀಲಿಕೆ ಮಾಡುತ್ತಾಳೆ, ದಯೆಯ ಬಗ್ಗೆ ಭಾಷಣ ಮಾಡುತ್ತಾಳೆ, ಕೊನೆಗೆ ಶೈಲಾಕ್ ಆಸ್ತಿ ಕಳೆದುಕೊಂಡು ಮತವನ್ನೂ ಬದಲಿಸಬೇಕಾಗುತ್ತದೆ. ಒಂದು ಸಂಜೆ ಹುಡುಗ ಪುಸ್ತಕ ಮುಚ್ಚಿ, "ತಾತ, ಇವನ ಮೇಲೆ ಅವರು ಉಗುಳಿದ್ರಲ್ಲ, ಅದನ್ನ ಕೋರ್ಟಲ್ಲಿ ಯಾರೂ ಕೇಳೋದೇ ಇಲ್ವಲ್ಲ?" ಎಂದ. ಹಾಗಂತ ಇವನು ಶೈಲಾಕನ ಪಕ್ಷ ವಹಿಸಿದನೆಂದಲ್ಲ. ಎದೆಯ ಮಾಂಸ ಕೇಳುವುದು ಘೋರ ಎಂದು ಅವನಿಗೆ ತಿಳಿದೇ ಇತ್ತು. ತನ್ನ ಹೆಸರಿನಲ್ಲಿ ಬರೆಯುವಾಗ ಗೈಡಿನ ಮಾತು ಬರೆದವನು ಕಂಡವನ ಮಾತು ಆಡುವಾಗ ತನ್ನ ಪ್ರಶ್ನೆ ಕೇಳಿದ. ಇದಕ್ಕೆ ಪ್ಲೇಟೊ ಏನೆನ್ನುತ್ತಿದ್ದನೋ.

ನಮ್ಮ ಯಲಹಂಕ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವವರನ್ನು ನೆನೆಯಿರಿ. ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು, ಹಾರ್ಮೋನಿಯಂ ಮೇಷ್ಟರ ಹತ್ತಿರ ತಿಂಗಳುಗಟ್ಟಲೆ ಕಲಿತು, ರಾತ್ರಿಯಿಡೀ ದುರ್ಯೋಧನನಾಗಿ ಅಬ್ಬರಿಸಿದವನು ಬೆಳಗಾದರೆ ಬಣ್ಣ ತೊಳೆದು ಡೈರಿಗೆ ಹಾಲು ಹಾಕಲು ಹೊರಡುತ್ತಾನೆ. ಅವನು ಆಡಿದ ಗ್ರಾಂಥಿಕ ಕನ್ನಡ ಅವನ ಮನೆಯ ಕನ್ನಡವಲ್ಲ. ಆದರೂ ಅವನನ್ನು ಯಾರೂ ಸುಳ್ಳುಗಾರನೆನ್ನಲಿಲ್ಲ. ಕಿರೀಟ ತಗಡಿನದೆಂದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು.

ಇಂಗ್ಲಿಷಿನ ವಿಷಯದಲ್ಲಿ ಈ ತಿಳಿವಳಿಕೆ ನಮಗಿಲ್ಲ. ಕೈಲಾಸಂ ಬೆರಕೆ ಇಂಗ್ಲಿಷಿನ ಬೆಂಗಳೂರಿಗರನ್ನು ರಂಗದ ಮೇಲೆ ತಂದು ನಗಿಸಿದರು. ಅವರೇ ಕರ್ಣ, ಏಕಲವ್ಯರ ಕಥೆ ಬರೆಯುವಾಗ ಇಂಗ್ಲಿಷನ್ನೇ ಆರಿಸಿಕೊಂಡರು. ಅದೂ ಒಂದು ವೇಷ, ಬೇಕೆಂದೇ ತೊಟ್ಟದ್ದು. ನಾವು ಮಕ್ಕಳಿಗೆ ತೊಡಿಸುವುದು ಹಾಗಲ್ಲ. 1994ರ ಭಾಷಾನೀತಿಯ ನಂತರ ಎಷ್ಟೋ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ನಡೆಸಿದವು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಕಡ್ಡಾಯವನ್ನೇ ತಳ್ಳಿಹಾಕಿತು, ಆ ಮಾತು ಬೇರೆ. ನೀತಿ ಸರಿಯೋ ತಪ್ಪೋ ಎಂಬ ಜಗಳ ನನಗೆ ಇಲ್ಲಿ ಬೇಡ. ಕಡತದಲ್ಲಿ ಒಂದು, ಕರಿಹಲಗೆಯ ಮೇಲೆ ಇನ್ನೊಂದು ಎಂಬ ಆಟವನ್ನು ಆರು ವರ್ಷದ ಮಗುವೂ ಕಂಡಿತಲ್ಲ, ಅದು ಬೇಸರ. ಆ ಆಟಕ್ಕೆ ಯಾರೂ ನಾಟಕವೆಂದು ಹೆಸರಿಡಲಿಲ್ಲ.

ಈಗ ಇನ್ನೊಂದು ತೊಡಕು ಬಂದಿದೆ. ನಾಟಕ ಪಾಠವಾದಮೇಲೆ ಅದಕ್ಕೂ ಅಂಕ. ಉಚ್ಚಾರಣೆಗೆ ಇಷ್ಟು, ಭಾವಕ್ಕೆ ಇಷ್ಟು ಎಂದು ಹಂಚಿದ ಹಾಳೆಯನ್ನು ಹುಡುಗ ತೋರಿಸಿದ. ಮೊನ್ನೆ ಬಂದವನು, ಕೊನೆಯ ಮಾತಿಗೆ ಮುನ್ನ ಎಷ್ಟು ಹೊತ್ತು ಸುಮ್ಮನಿದ್ದರೆ ಭಾವದ ಅಂಕ ಪೂರ್ತಿ ಬರುತ್ತದೆ ಎಂದು ಕೇಳಿದ. "ಶೈಲಾಕನಿಗೆ ಎಷ್ಟು ಹೊತ್ತು ಬೇಕಾಗುತ್ತೆ, ನೋಡು" ಎಂದೆ. ಅವನು ಗೋಡೆಯ ಗಡಿಯಾರದ ಕಡೆ ತಿರುಗಿದ.