ಊರು ಬದಲಿಸುವ ಮುನ್ನ

ಮಹಾನಗರದ ದುಬಾರಿ ಬಾಡಿಗೆ, ಸಂಚಾರದ ದಣಿವು, ಸೂರ್ಯಾಸ್ತಕ್ಕೆ ಮುನ್ನ ಮನೆ ಸೇರಿ ಊಟ ಮುಗಿಸಲಾಗದ ದಿನಚರಿ, ಇವುಗಳಿಂದ ಬೇಸತ್ತ ಶ್ರಾವಕನು ಚಿಕ್ಕ ಊರಿನತ್ತ ನೋಡುವುದು ಸಹಜ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿರುವ ಕಡಗಂಚಿ ಒಂದು ಹಳ್ಳಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅದು ನೆಲೆಯಾದ ಮೇಲೆ, ದೂರದ ನಗರಗಳ ವಿದ್ಯಾವಂತರಿಗೂ ಈ ಭಾಗಕ್ಕೆ ಬಂದು ನೆಲೆಸುವ ಪ್ರಶ್ನೆ ಎದುರಾಗಿದೆ. ಖರ್ಚು ಎಷ್ಟು ಉಳಿಯುವುದೆಂಬ ಲೆಕ್ಕವನ್ನು ಯಾರಾದರೂ ಹಾಕಬಲ್ಲರು. ಆತ್ಮದ ಲೆಕ್ಕ ಯಾವುದು?

ಊರಿನ ಹಿರಿಮೆ ಶಾಶ್ವತವಲ್ಲ. ಇದೇ ಜಿಲ್ಲೆಯ ಮಳಖೇಡವು ಒಮ್ಮೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 972ರಲ್ಲಿ ಪರಮಾರರು ಅದನ್ನು ಸೂರೆಗೈದರು. ಇಂದು ಅದೊಂದು ಹಳ್ಳಿ. ಆದರೆ ನೇಮಿನಾಥ ಬಸದಿ ಅಲ್ಲಿ ಉಳಿದಿದೆ. ಆದುದರಿಂದ ದೊಡ್ಡ ಊರು, ಚಿಕ್ಕ ಊರು ಎಂಬುದರಿಂದಲೇ ನಿರ್ಣಯವಾಗದು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಮುನಿಗಳಲ್ಲ, ಬಘೇರವಾಲ ಕುಲದ ಗೃಹಸ್ಥರು. ದಾಳಿಯ ಭೀತಿಯಿಂದ ಮಾಂಡಲಗಢವನ್ನು ಬಿಟ್ಟು ಅವರ ಕುಟುಂಬ ಧಾರಾನಗರಕ್ಕೆ ಬಂದಿತು. ಧಾರೆಯು ವಿದ್ವಾಂಸರಿಗೆ ಮನ್ನಣೆಯಿದ್ದ ರಾಜಧಾನಿ. ಆದರೂ ಮುಂದೆ ಅವರು ಅದನ್ನು ಬಿಟ್ಟು ಸಮೀಪದ ನಲಕಚ್ಛಪುರದಲ್ಲಿ ನೆಲೆಸಿದರು. ಜಿನಧರ್ಮದ ಅಭ್ಯುದಯವೇ ಅದರ ಉದ್ದೇಶವೆಂದು ತಮ್ಮ ಪ್ರಶಸ್ತಿಯಲ್ಲಿ ಹೇಳಿಕೊಂಡಿದ್ದಾರೆ. ಅದು ಶ್ರಾವಕರು ತುಂಬಿದ್ದ ಊರು. ಅವರು ಅರಸಿ ಹೋದದ್ದು ಏಕಾಂತವನ್ನಲ್ಲ, ಸಾಧರ್ಮಿಗಳ ಸಹವಾಸವನ್ನು. ಬಸದಿಯಿಲ್ಲದ, ಸ್ವಾಧ್ಯಾಯಕ್ಕೆ ಜೊತೆಯಿಲ್ಲದ ಕಡೆಗೆ ಶಾಂತಿಯ ಹೆಸರಿನಲ್ಲಿ ಹೊರಡುವವರು ಇದನ್ನು ಮರೆಯಬಾರದು.

ಇನ್ನೊಂದು ಸೂಕ್ಷ್ಮವಿದೆ. ನಿಯಮಿತ ಕಾಲದವರೆಗೆ ಇಷ್ಟೇ ಕ್ಷೇತ್ರವೆಂದು ಎಲ್ಲೆ ಹಾಕಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರವು ಅದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವ ಆನಯನ ಒಂದು. ತಾನು ಹೋಗದೆ ಸೇವಕನನ್ನು ಹೊರಗೆ ಕಳುಹಿಸುವ ಪ್ರೇಷ್ಯಪ್ರಯೋಗ ಇನ್ನೊಂದು. ಚಿಕ್ಕ ಊರಿನಲ್ಲಿ ಕುಳಿತು ಮೊಬೈಲಿನ ಮೂಲಕ ಮುಂಬಯಿಯ ಸಕಲ ಭೋಗವಸ್ತುಗಳನ್ನು ಬಾಗಿಲಿಗೆ ತರಿಸಿಕೊಳ್ಳುವವನು ಊರನ್ನು ಮಾತ್ರ ಚಿಕ್ಕದು ಮಾಡಿಕೊಂಡಿದ್ದಾನೆ, ಆಸೆಯನ್ನಲ್ಲ. ಉಳಿದ ಹಣದಿಂದ ಅಗ್ಗದ ಹೊಲಗಳನ್ನು ಕೂಡಿಹಾಕಿದರೆ ಪರಿಗ್ರಹವು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಬಿಟ್ಟುಹೋಗುವ ಕಡೆಯ ಋಣವೂ ಉಂಟು. ಅಂಗಡಿಯನ್ನು ಮುಚ್ಚಿದರೆ ಇಪ್ಪತ್ತು ವರ್ಷ ದುಡಿದ ಗುಮಾಸ್ತನ ಗತಿಯೇನು? ವೃದ್ಧ ತಾಯಿಗೆ ನಿತ್ಯ ಬೇಕಾಗುವ ವೈದ್ಯರು ಹೊಸ ಊರಿನಲ್ಲಿ ಸಿಗುವರೇ? ಮಗಳ ವ್ಯಾಸಂಗ ಮಧ್ಯದಲ್ಲಿ ನಿಲ್ಲುವುದೇ? ತನ್ನ ನೆಮ್ಮದಿಗಾಗಿ ಆಶ್ರಿತರನ್ನು ನೋಯಿಸುವುದು ಅಹಿಂಸೆಯಾಗಲಾರದು. ಇವರಿಗೆ ವ್ಯವಸ್ಥೆಯಾಗುವವರೆಗೆ ಕಾಯುವುದೂ ಒಂದು ತಪಸ್ಸೇ.

ಇಷ್ಟಾದರೂ ಮನಸ್ಸು ಹೊಯ್ದಾಡಿದರೆ ಪರೀಕ್ಷೆಯ ಮಾರ್ಗವೊಂದಿದೆ. ಮನೆ ಮಾರುವ ಮೊದಲು ಆ ಚಿಕ್ಕ ಊರಿನಲ್ಲಿ ಒಂದು ಚಾತುರ್ಮಾಸವನ್ನು ದೇಶವ್ರತದೊಡನೆ ಕಳೆಯಬೇಕು. ಅಲ್ಲಿ ದೊರೆಯುವುದರಲ್ಲೇ ತೃಪ್ತಿಪಡಬೇಕು, ಎಲ್ಲೆಯ ಹೊರಗಿನಿಂದ ಏನನ್ನೂ ತರಿಸಬಾರದು. ನಾಲ್ಕು ತಿಂಗಳ ಕೊನೆಗೆ ಸಾಮಾಯಿಕದಲ್ಲಿ ಚಿತ್ತ ನಿಂತರೆ, ನೆರೆಯವರ ಕಷ್ಟ ತನ್ನದೆನಿಸಿದರೆ, ಆ ಊರು ಅವನದು. ನಗರದ ಹಂಬಲವೇ ಮತ್ತೆ ಮತ್ತೆ ಕಾಡಿದರೆ, ಅಂಥವನು ಮೊದಲು ಬದಲಿಸಬೇಕಾದದ್ದು ಊರನ್ನಲ್ಲ.